ಕಂಪನಿ ಪುಕ್ಕಟೆ ಕೊಟ್ಟ ಆರಿಂಚಿನ ಸ್ಟೀಲ್ ಸ್ಕೇಲ್: ವರ್ಷಗಟ್ಟಲೆ ಬಳಸಿದ ಮೇಲೆ

ಇದು ದುಡ್ಡು ಕೊಟ್ಟು ತಂದ ಸ್ಕೇಲ್ ಅಲ್ಲ. ಹಿಂದೆಲ್ಲ ಬೇರಿಂಗ್, ಬೆಲ್ಟ್ ಮಾರುವವರು ಗಿರಾಕಿಗಳಿಗೆ ಕ್ಯಾಲೆಂಡರ್ ಕೊಟ್ಟ ಹಾಗೆ ಇಂಥವನ್ನೂ ಹಂಚುತ್ತಿದ್ದರು. ನಮ್ಮ ದೊಡ್ಡಪ್ಪ ದಾವಣಗೆರೆಯಲ್ಲೇ ಕಾಟನ್ ಮಿಲ್ಲಿನ ಫಿಟ್ಟರ್, ಅವರ ಜೇಬಿನಿಂದ ನನ್ನ ಜೇಬಿಗೆ ಬಂತು. ಈಗ ಪಿ.ಬಿ. ರಸ್ತೆ ಕಡೆ ನಮ್ಮ ಲೇತ್ ವರ್ಕ್‌ಶಾಪಿನಲ್ಲಿ ದಿನಾ ಕೈಯಲ್ಲಿರುತ್ತದೆ.

ಇಸವಿ ಹಾಕಿಲ್ಲ. ಆದರೆ ಕಂಪನಿ ವಿಳಾಸದಲ್ಲಿ ಮೈಸೂರು ರಾಜ್ಯ ಅಂತಿದೆ, ಪಿನ್ ಕೋಡ್ ಇಲ್ಲ. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್‌ನಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್‌ನಲ್ಲಿ. ಎಷ್ಟು ಹಳೇ ಮಾಲು ಅಂತ ಲೆಕ್ಕ ಹಾಕಿಕೊಳ್ಳಿ. ಗೆರೆಗಳು, ಕಂಪನಿ ಹೆಸರು ಎಲ್ಲ ಕೊರೆದಿದ್ದು, ಉಗುರು ಆಡಿಸಿದರೆ ತಗಲುತ್ತದೆ. ಮಧ್ಯೆ ಒಂದು ಹೊಸ ಸ್ಕೇಲ್ ತಂದಿದ್ದೆ, ಅದರ ಪ್ರಿಂಟ್ ಡೀಸೆಲ್ ಬಟ್ಟೆಯಲ್ಲಿ ಒರೆಸಿ ಒರೆಸಿ ಹೋಯ್ತು.

ಸ್ಕೂಲ್ ಸ್ಕೇಲ್‌ನಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಜಾಗ ಬಿಟ್ಟಿರುತ್ತಾರಲ್ವಾ, ಇದರಲ್ಲಿ ತುದಿಯೇ ಸೊನ್ನೆ. ಕೀವೇ (ಶಾಫ್ಟ್‌ನಲ್ಲಿ ಕೀ ಕೂರಿಸೋಕೆ ಕೊರೆದ ಗಾಡಿ) ಆಳ ನೋಡೋಕೆ ನೆಟ್ಟಗೆ ಇಳಿಸಿದರೆ ಸಾಕು. ಒಂದು ಮೂಲೆ ಸವೆದಿದೆ. ಅದಕ್ಕೆ ಉದ್ದ ಅಳೆಯುವಾಗ 1 ಸೆಂ.ಮೀ. ಗೆರೆಯಿಂದ ಶುರು ಮಾಡಿ ಆಮೇಲೆ ಒಂದು ಕಳೆಯುತ್ತೇನೆ.

ಜಾಸ್ತಿ ಉಪಯೋಗಕ್ಕೆ ಬರೋದು ಇಂಚು ಮತ್ತು ಮಿಲಿಮೀಟರ್ ಎರಡೂ ಒಂದೇ ಮುಖದಲ್ಲಿ ಇರೋದು. ಮೆಕ್ಕೆಜೋಳದ ಸೀಸನ್ ಬಂತಂದ್ರೆ ಒಕ್ಕುವ ಮಷಿನ್‌ಗಳು ಸಾಲಾಗಿ ಬರುತ್ತವೆ. ಹಳೇ ಶಾಫ್ಟ್ ಒಂದಿಂಚು, ಗಿರಾಕಿ ಅಂಗಡಿಯಿಂದ ತಂದಿರೋದು 6205 ಬೇರಿಂಗ್, ಅದರ ಒಳಗಿನ ತೂತು 25 ಮಿ.ಮೀ. "ಅಣ್ಣಾ, ಸುತ್ತಿಗೆಯಲ್ಲಿ ಎರಡು ಏಟು ಹಾಕಿ ಕೂರಿಸಿಬಿಡಿ" ಅಂತಾರೆ. ಸ್ಕೇಲ್ ಕೈಗೆ ಕೊಟ್ಟು ಒಂದಿಂಚಿನ ಗೆರೆ ಎದುರು ಏನಿದೆ ನೋಡಪ್ಪ ಅಂತೀನಿ. 25 ದಾಟಿ ಹೆಚ್ಚುಕಡಿಮೆ ಇಪ್ಪತ್ತೈದೂವರೆ ಹತ್ತಿರ ನಿಂತಿರುತ್ತದೆ, ಲೆಕ್ಕಕ್ಕೆ 25.4. ಆಮೇಲೆ ಮಾತಿಲ್ಲ, ತೂತಿಗಿಂತ ದಪ್ಪ ಇರೋ ಶಾಫ್ಟ್ ತೆಳ್ಳಗಾಗೋಕೆ ಲೇತ್‌ಗೆ ಹತ್ತುತ್ತದೆ. ಹಾಗಂತ ಬೇರಿಂಗ್ ಫಿಟ್ ಈ ಸ್ಕೇಲ್‌ನಲ್ಲಿ ನೋಡೋಕೆ ಹೋಗಬೇಡಿ, ಅದಕ್ಕೆ ಮೈಕ್ರೋಮೀಟರ್ ಬೇಕೇ ಬೇಕು.

ಬೇಸಿಗೆಯಲ್ಲಿ ಸ್ಟೀಲ್ ಹಿಗ್ಗಲ್ವಾ ಅಂತ ಒಬ್ಬರು ಕೇಳಿದರು. ನಮ್ಮೂರ ಬಿಸಿಲಿಗೆ 20 ಡಿಗ್ರಿ ಏರಿದರೂ ಇಷ್ಟು ಉದ್ದದ ಸ್ಕೇಲ್ 0.04 ಮಿ.ಮೀ. ಕೂಡ ಹಿಗ್ಗಲ್ಲ. ಕಣ್ಣಿಗೆ ಕಾಣೋ ವಿಷಯವೇ ಅಲ್ಲ.

ಬೇಜಾರು ಅಂದ್ರೆ ಇಂಚಿಗೆ 64 ಗೆರೆ ಇರುವ ಭಾಗ. ನಲವತ್ತು ದಾಟಿದವರು ಟಾರ್ಚ್ ಹಿಡಿದು ಓದಬೇಕು. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಮುಟ್ಟಿ ಹಾಗೇ ಬಿಟ್ಟರೆ ತುಕ್ಕಿನ ಚುಕ್ಕೆ ಏಳುತ್ತದೆ, ಎಣ್ಣೆ ಬಟ್ಟೆ ಪಕ್ಕದಲ್ಲಿರಲಿ.

ಗುಜರಿಯಲ್ಲಿ ಇಂಥದ್ದು ಕಂಡರೆ ಮೊದಲು ಗಾಜಿನ ಮೇಲೆ ಮಲಗಿಸಿ ನೋಡಿ, ಬಾಗಿದ್ದರೆ ಬಿಟ್ಟುಬಿಡಿ. ಆಮೇಲೆ 15 ಸೆಂ.ಮೀ. ಗೆರೆ ಆರಿಂಚಿನ ಗೆರೆಗಿಂತ 2.4 ಮಿ.ಮೀ. ಹಿಂದಿದೆಯಾ ನೋಡಿ. ಎರಡೂ ಸರಿಯಿದ್ದರೆ, ಜೇಬಿನ ಕ್ಲಿಪ್ ಇಲ್ಲ ಅಂತ ನೆಪ ಹೇಳಿ ರೇಟು ಇಳಿಸಿ ತಗೊಳ್ಳಿ.