ವೈಡ್ ಆ್ಯಂಗಲ್ ಲೆನ್ಸ್ ಹಾಕಿಕೊಂಡು ಕಡಲಿಗೆ ಇಳಿಯುವ ಮುಂಚೆ

ಕಳೆದ ಜನವರಿಯಲ್ಲಿ ಕಾಪು ಕಡಲ ತೀರದ ಬಂಡೆಗಳ ಮೇಲೆ ತೆಗೆದ ಒಂದು ಫೋಟೊವನ್ನು ನಮ್ಮ ಫೋಟೊ ಗೆಳೆಯರ ಗುಂಪಿಗೆ ಕಳಿಸಿದ್ದೆ. ಜೊತೆಗೆ ಎರಡು ಸಾಲು ಬರೆದಿದ್ದೆ: "10 ಎಂಎಂನಲ್ಲಿ ತೆಗೆದದ್ದು. ನೀರಿಗೆ ಎಷ್ಟು ಹತ್ತಿರ ಹೋಗ್ತೀರೋ ಅಷ್ಟು ಚೆನ್ನಾಗಿ ಬರುತ್ತೆ." ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಏಪ್ರಿಲ್ ಕೊನೆಯ ವಾರ ಅದೇ ಬಂಡೆಗಳ ಮೇಲೆ ನನ್ನ ಹದಿಮೂರು ವರ್ಷದ ಮಗ ನೀರುಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ನನ್ನ ಮುಂಗೈ ಮೂಳೆ ಮುರಿಯಿತು. ಕ್ಯಾಮೆರಾ ಹೋಯಿತು, ಅದು ದೊಡ್ಡ ವಿಷಯವಲ್ಲ.

ನನ್ನದು ಕ್ಯಾನನ್ 1500ಡಿ. ಎರಡು ವರ್ಷದ ಹಿಂದೆ ಅದಕ್ಕೆ 10-18 ಎಂಎಂ ವೈಡ್ ಆ್ಯಂಗಲ್ ಲೆನ್ಸ್ ಕೊಂಡೆ. ಎಂಎಂ ಕಡಿಮೆಯಾದಷ್ಟೂ ಚಿತ್ರದಲ್ಲಿ ಹೆಚ್ಚು ಅಗಲದ ನೋಟ ಹಿಡಿಯುತ್ತದೆ. 240 ಗ್ರಾಂ ತೂಕ, ಚೀಲದಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಗಿನ ಜಾವ ಅದನ್ನು ಮೊದಲ ಸಲ ಹಾಕಿ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ. ಕಾಲ ಬಳಿಯ ಬಂಡೆ, ಕೆಳಗಿನ ಅಚ್ಯುತರಾಯ ದೇವಸ್ಥಾನ, ಆಚೆಯ ಗುಡ್ಡಗಳು, ಮೇಲಿನ ಮೋಡ, ಎಲ್ಲ ಒಟ್ಟಿಗೆ ಸಿಕ್ಕವು. ಆಮೇಲೆ ಯಾಣಕ್ಕೆ ಹೋದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಬುಡದಲ್ಲೇ ನಿಂತರೂ ಪೂರ್ತಿ ಬಂತು.

ಆದರೆ ಮನೆಗೆ ಬಂದು ದೊಡ್ಡದಾಗಿ ನೋಡಿದರೆ ಹೆಚ್ಚಿನ ಚಿತ್ರಗಳು ಸಪ್ಪೆಯಾಗಿದ್ದವು. ಎಲ್ಲವೂ ಇದೆ, ಎಲ್ಲವೂ ಚಿಕ್ಕದು. ಈ ಲೆನ್ಸ್ ಬಳಸುವ ಎಲ್ಲರಿಗೂ ಮೊದಲು ಆಗುವುದು ಇದೇ. ಆಗ ಗೊತ್ತಿದ್ದವರು ಒಂದು ಮಾತು ಹೇಳುತ್ತಾರೆ: ಹತ್ತಿರ ಹೋಗು. ಮುಂಭಾಗದಲ್ಲಿ ಒಂದು ಕಲ್ಲೋ, ಹೂವೋ, ನೀರಿನ ಹರಿವೋ ಇಟ್ಟುಕೋ. ಮಾತು ಸರಿಯಾದದ್ದೇ. ಈ ಲೆನ್ಸ್ 22 ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ಫೋಕಸ್ ಮಾಡುತ್ತದೆ. 10 ಎಂಎಂನಲ್ಲಿ ಎಫ್ 8 (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಇಟ್ಟು ಎರಡು ಅಡಿ ಚಿಲ್ಲರೆ ದೂರಕ್ಕೆ ಫೋಕಸ್ ಮಾಡಿದರೆ, ಸುಮಾರು ಒಂದು ಅಡಿಯಿಂದ ಹಿಡಿದು ಕಡಲಂಚಿನವರೆಗೂ ಸ್ಪಷ್ಟವಾಗಿ ಬರುತ್ತದೆ. ಹಾಗಾಗಿ ನಾನೂ ಹತ್ತಿರ ಹೋಗುವುದನ್ನು ಕಲಿತೆ. ಮೊಣಕಾಲೂರಿ, ಹೊಟ್ಟೆ ಮೇಲೆ ಮಲಗಿ, ಇನ್ನೊಂದು ಗೇಣು, ಇನ್ನೊಂದು ಗೇಣು ಮುಂದಕ್ಕೆ.

ಒಂದು ಸಲ ಎಚ್ಚರಿಕೆ ಸಿಕ್ಕಿತ್ತು. ಮೂಡಿಗೆರೆ ಕಡೆಯ ರಾಣಿ ಝರಿಯಲ್ಲಿ ಹುಲ್ಲಿನ ಅಂಚಿನ ಫೋಟೊ ತೆಗೆಯುವಾಗ ಗೆಳೆಯ ನನ್ನ ಚೀಲ ಹಿಡಿದು ಜೋರಾಗಿ ಹಿಂದಕ್ಕೆ ಎಳೆದ. ನನಗೆ ಸಿಟ್ಟು ಬಂತು. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರ್‌ನಲ್ಲಿ, ಅಂಚು ಇನ್ನೂ ದೂರ ಇತ್ತು. ಕಣ್ಣು ತೆಗೆದು ನೋಡಿದರೆ ಎರಡು ಹೆಜ್ಜೆ ಇತ್ತು, ಆಚೆಗೆ ಪ್ರಪಾತ. ಅವತ್ತೇ ಯಾಕೆ ಹೀಗಾಯಿತು ಅಂತ ಕೂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಏಪ್ರಿಲ್ ರಜೆ. ಮಗನನ್ನು ಕರೆದುಕೊಂಡು ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಬಂದೆ. ಅಲ್ಲಿಂದ ಕಾಪು ದಕ್ಷಿಣಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್. 1901ರಲ್ಲಿ ಕಟ್ಟಿದ ದೀಪಸ್ತಂಭ ದೊಡ್ಡ ಬಂಡೆಯ ಮೇಲೆ ನಿಂತಿದೆ, ಸುತ್ತ ಕಡಲಿಗೆ ಇಳಿಯುವ ಕಲ್ಲುಗಳು. ಮಳೆಯಿಲ್ಲ, ಜೋರು ಗಾಳಿಯೂ ಇಲ್ಲ. ಒಳ್ಳೆಯ ಬಿಸಿಲು. ಮಳೆಗಾಲದಲ್ಲಿ ಕಡಲು ಅಪಾಯ ಎಂದು ಎಲ್ಲರಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ನಿಲ್ಲಿಸಿರುತ್ತಾರೆ. ಆದರೆ ಇದು ಏಪ್ರಿಲ್ ಅಲ್ವಾ ಅಂದುಕೊಂಡೆ.

ಸೂರ್ಯ ಮುಳುಗುವುದು ಆರೂ ಮುಕ್ಕಾಲರ ಹೊತ್ತಿಗೆ. ಆರೂಕಾಲಿಗೆ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಅಗಲಿಸಿ, ಬಂಡೆಗೆ ತಾಗುವ ಹಾಗೆ ಇಟ್ಟೆ. ಎರಡು ಕಲ್ಲಿನ ನಡುವೆ ನೀರು ಬಂದು ಹಾಲಿನಂತೆ ವಾಪಸ್ ಇಳಿಯುತ್ತಿತ್ತು. ಅದು ನನಗೆ ಬೇಕಾಗಿತ್ತು. ಒಂದು ಪರೀಕ್ಷಾ ಚಿತ್ರ ತೆಗೆದೆ. ಆಮೇಲೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದೆ. ಶಟರ್ ತೆರೆದಿರುವುದು ಎರಡು ಸೆಕೆಂಡು. ಕ್ಯಾಮೆರಾ ಬೀಳಬಾರದು ಎಂದು ಅದರ ಪಟ್ಟಿಯನ್ನು ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ. ಮಗ ಕ್ಯಾಮೆರಾ ಚೀಲ ಬೆನ್ನಿಗೆ ಹಾಕಿಕೊಂಡು ಆರಡಿ ಹಿಂದೆ ನಿಂತಿದ್ದ.

ಮೇಲಿನ ಬಂಡೆಯಲ್ಲಿ ಒಬ್ಬರು ಗಾಳ ಹಾಕುತ್ತಿದ್ದರು. ಅವರು ತುಳುವಿನಲ್ಲಿ "ಪಿರ ಬಲೆ, ಪಿರ ಬಲೆ" ಎಂದು ಕೂಗಿದರು. ಹಿಂದೆ ಬನ್ನಿ ಎಂದು. ಅಷ್ಟು ತುಳು ನನಗೆ ಬರುತ್ತದೆ. ಮಗನೂ "ಅಪ್ಪಾ" ಎಂದ. ನಾನು ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ, ಒಂದು ನಿಮಿಷ ಎನ್ನುವ ಹಾಗೆ ಬಲಗೈ ಎತ್ತಿದೆ.

ಅಲೆ ಎದೆಗೆ ಹೊಡೆಯಿತು. ಹಿಂದಕ್ಕೆ ಬಿದ್ದೆ. ಬಿದ್ದದ್ದು ಅಪಾಯವಾಗಿರಲಿಲ್ಲ, ಅಪಾಯ ಬಂದದ್ದು ನೀರು ವಾಪಸ್ ಹೋಗುವಾಗ. ಅದು ಟ್ರೈಪಾಡನ್ನು ಎಳೆದುಕೊಂಡು ಹೋಯಿತು. ಪಟ್ಟಿ ನನ್ನ ಕೈಗೆ ಸುತ್ತಿತ್ತು. ಟ್ರೈಪಾಡಿನ ಹಿಂದೆ ನಾನೂ ಜಾರಿದೆ. ಕಲ್ಲಿಗೆ ಅಂಟಿದ ಚಿಪ್ಪುಗಳ ಮೇಲೆ ಮೊಣಕಾಲು, ತೊಡೆ ಎಲ್ಲ ಗೀರಿಹೋಯಿತು. ಎಡಗೈ ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿ ಮುರಿಯಿತು. ಮಗ ನನ್ನನ್ನು ಹಿಡಿಯಲು ಓಡಿ ಬಂದ. ಆಗ ಎರಡನೇ ಅಲೆ. ಅದು ಅವನ ಎದೆಮಟ್ಟಕ್ಕೆ ಬಂತು. ದೊಡ್ಡ ಅಲೆಗಳು ಒಂಟಿಯಾಗಿ ಬರುವುದು ಕಡಿಮೆ, ಮೂರು ನಾಲ್ಕು ಬೆನ್ನಿಗೆ ಬರುತ್ತವೆ. ಒಂದು ಹೋಯಿತು ಎಂದು ಇನ್ನೊಬ್ಬರು ಸಹಾಯಕ್ಕೆ ಇಳಿಯುತ್ತಾರೆ, ಅವರನ್ನು ಮುಂದಿನದು ಒಯ್ಯುತ್ತದೆ. ನಮ್ಮ ಪುಣ್ಯಕ್ಕೆ ಗಾಳದ ಮನುಷ್ಯ ಅಷ್ಟರಲ್ಲಿ ಕೆಳಗೆ ಬಂದಿದ್ದರು. ಮಗನ ಬೆನ್ನಿನ ಚೀಲದ ಪಟ್ಟಿ ಅವರ ಕೈಗೆ ಸಿಕ್ಕಿತು. ಆ ಚೀಲವನ್ನು ಅವನು ಕೆಳಗಿಟ್ಟು ನಿಂತಿದ್ದರೆ ಏನಾಗುತ್ತಿತ್ತು ಎಂದು ರಾತ್ರಿ ಎಚ್ಚರವಾದಾಗ ಈಗಲೂ ಯೋಚನೆ ಬರುತ್ತದೆ.

ನನ್ನನ್ನು ಎಳೆದು ತಂದವರು ಇನ್ನಿಬ್ಬರು. ಅವರ ಹೆಸರು ಕೇಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ.

ಇನ್ನು ಯಾಕೆ ಹೀಗಾಯಿತು ಎನ್ನುವುದನ್ನು ಹೇಳಬೇಕು. ಈ ಬರಹ ಇರುವುದೇ ಇದಕ್ಕಾಗಿ. ನಾನು ಅಲೆಯನ್ನು ನೋಡಿರಲಿಲ್ಲ ಎಂದಲ್ಲ. ನೋಡಿದ್ದೆ. ಅದು ದೂರ ಇದೆ ಅಂದುಕೊಂಡಿದ್ದೆ. ಮೆಮೊರಿ ಕಾರ್ಡ್ ಉಳಿದಿತ್ತು. ಆ ಪರೀಕ್ಷಾ ಚಿತ್ರದಲ್ಲಿ ಮೊನಚಾದ ಒಂದು ಕಲ್ಲಿನ ಬಳಿ ಅಲೆ ಒಡೆಯುತ್ತಿದೆ. ಬಿಳಿ ದಾರದಷ್ಟು ಸಣ್ಣ ಗೆರೆ. ಯಾರನ್ನು ಕೇಳಿದರೂ ನಲವತ್ತು ಐವತ್ತು ಹೆಜ್ಜೆ ದೂರ ಎನ್ನುತ್ತಾರೆ. ನವೆಂಬರಿನಲ್ಲಿ ಇಳಿತದ ಹೊತ್ತಿಗೆ ಗೆಳೆಯನ ಜೊತೆ ಹೋಗಿ ಅಳೆದೆ. ಎಂಟು ಹೆಜ್ಜೆ.

ಲೆಕ್ಕ ಸರಳವಾಗಿದೆ. ನನ್ನ ಕ್ಯಾಮೆರಾದ ವಿವರಗಳಲ್ಲಿ ವ್ಯೂಫೈಂಡರ್ 0.80 ಪಟ್ಟು ಎಂದು ಬರೆದಿದೆ. ಅದು 50 ಎಂಎಂ ಲೆನ್ಸ್ ಹಾಕಿದಾಗಿನ ಲೆಕ್ಕ. ಅಂದರೆ ವಸ್ತು ಬರಿಗಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. 10 ಎಂಎಂ ಹಾಕಿದರೆ ಅದರ ಐದರಲ್ಲಿ ಒಂದು ಭಾಗ, 0.16. ಬರಿಗಣ್ಣಿಗೆ ಕಾಣುವುದರ ಆರರಲ್ಲಿ ಒಂದು ಪಾಲು. ಐದು ಮೀಟರ್ ದೂರದ ಅಲೆ ಮೂವತ್ತು ಮೀಟರ್ ದೂರದ ಅಲೆಯಷ್ಟೇ ಕಾಣುತ್ತದೆ. ಹಿಂದಿನ ಪರದೆಯಲ್ಲಿ ನೋಡಿದರೆ ಇನ್ನೂ ಚಿಕ್ಕದು. ಫೋನಿನ 0.5 ಗುಂಡಿ (ಅದೂ ವೈಡ್ ಲೆನ್ಸೇ) ಒತ್ತಿ ಜೋಗದ ಅಂಚಿನಲ್ಲೋ ಚಾರ್ಮಾಡಿಯ ತಿರುವಿನಲ್ಲೋ ನಿಲ್ಲುವವರಿಗೂ ಆಗುವುದು ಇದೇ. ಕ್ಯಾಮೆರಾದೊಳಗೆ ನೋಡುವಾಗ ಕಣ್ಣು ದೂರವನ್ನು ಅಳೆಯುವುದು ಬಹುಮಟ್ಟಿಗೆ ಗಾತ್ರ ನೋಡಿ. ಲೆನ್ಸ್ ಗಾತ್ರವನ್ನು ಕುಗ್ಗಿಸಿದರೆ ಭಯವೂ ಕುಗ್ಗುತ್ತದೆ. ಕಾಲು ಮಾತ್ರ ನಿಜವಾದ ಬಂಡೆಯ ಮೇಲೆ ಇರುತ್ತದೆ.

ಎನ್‌ಡಿ ಫಿಲ್ಟರ್ ಇದನ್ನು ಇನ್ನೂ ಕೆಡಿಸುತ್ತದೆ. ಆರು ಸ್ಟಾಪ್ ಅಂದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಂಜೆ ಹೊತ್ತಿನಲ್ಲಿ ವ್ಯೂಫೈಂಡರ್ ಹೆಚ್ಚುಕಡಿಮೆ ಕತ್ತಲೆ. ಆ ಕತ್ತಲೆಯಲ್ಲಿ ನಾನು ಕಲ್ಲಿನ ಅಂಚು ಸರಿಯಾಗಿದೆಯಾ ಎಂದು ಹುಡುಕುತ್ತಿದ್ದೆ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು ಮೂರು ಮೀಟರ್ ಓಡುತ್ತದೆ. ಎಂಟು ಹೆಜ್ಜೆ ದಾಟಲು ಅದಕ್ಕೆ ಎರಡು ಸೆಕೆಂಡು ಸಾಕು. ನನ್ನ ಶಟರ್ ಕೂಡ ಎರಡು ಸೆಕೆಂಡು.

ಗಾಳಿ ಇಲ್ಲದ ದಿನ ಅಷ್ಟು ದೊಡ್ಡ ಅಲೆ ಎಲ್ಲಿಂದ ಬಂತು? ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ದಕ್ಷಿಣದಲ್ಲಿ ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆಗಳು ಕೆಲವು ದಿನ ಪ್ರಯಾಣ ಮಾಡಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತವೆ. ಇಲ್ಲಿ ಆಕಾಶ ತಿಳಿಯಾಗಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಜಾಸ್ತಿ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಅವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅವತ್ತೂ ಎಚ್ಚರಿಕೆ ಇತ್ತು. ನಾನು ನೋಡಿದ್ದು ಸೂರ್ಯಾಸ್ತದ ಸಮಯ ಮತ್ತು ಮೋಡ ಎಷ್ಟಿದೆ ಎನ್ನುವುದನ್ನು ಮಾತ್ರ.

ನವೆಂಬರಿನಲ್ಲಿ ಹೋದಾಗ ಆ ಗಾಳದ ಮನುಷ್ಯ ಸಿಕ್ಕಿದರು. ಕಾಲಿಗೆ ಬೀಳಲು ಹೋದೆ, ಬಿಡಲಿಲ್ಲ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಯಾವ ಫೋಟೊ ಪಾಠದಲ್ಲೂ ನಾನು ಇದನ್ನು ಕೇಳಿರಲಿಲ್ಲ. ಅವರು ಬಂಡೆಗೆ ಬಂದ ಕೂಡಲೇ ಗಾಳ ಹಾಕುವುದಿಲ್ಲ. ಮೇಲೆ ಕೂತು ಒಂದು ಬೀಡಿ, ಇನ್ನೊಂದು ಬೀಡಿ ಮುಗಿಯುವ ತನಕ ಕಡಲು ನೋಡುತ್ತಾರೆ. ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂತು ಎಂದು ಗುರುತು ಇಟ್ಟುಕೊಳ್ಳುತ್ತಾರೆ. ಕಲ್ಲು ಕಪ್ಪಗೆ ಒದ್ದೆಯಾಗಿದ್ದರೆ, ಪಾಚಿ ಇದ್ದರೆ, ಚಿಪ್ಪು ಅಂಟಿದ್ದರೆ ಅದು ಕಡಲಿನ ಜಾಗ. ಒಣಗಿ ಬಿಳಿಚಿಕೊಂಡ ಕಲ್ಲು ನಮ್ಮದು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಜಾಸ್ತಿ, ಆಗ ಇನ್ನೂ ಮೇಲೆ ನಿಲ್ಲಬೇಕು. ಕಡಲಿಗೆ ಬೆನ್ನು ಹಾಕಬಾರದು. "ನೀವು ಕಡಲಿಗೆ ಮುಖ ಮಾಡಿಯೇ ಇದ್ರಿ. ಆದ್ರೆ ಕಡಲು ನೋಡ್ತಾ ಇರ್ಲಿಲ್ಲ" ಎಂದರು.

ಕ್ಯಾಮೆರಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಉಪ್ಪು ನೀರಿಗೆ ಬಿದ್ದರೆ ಆನ್ ಮಾಡಿ ನೋಡಬೇಡಿ. ಕಾರಿಗೆ ಬಂದ ಕೂಡಲೇ ನಾನು ಮಾಡಿದ ತಪ್ಪು ಅದೇ. ಬ್ಯಾಟರಿ, ಕಾರ್ಡ್ ಮೊದಲು ತೆಗೆಯಿರಿ, ಆದಷ್ಟು ಬೇಗ ರಿಪೇರಿಗೆ ಒಯ್ಯಿರಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಉಪ್ಪು ಹೋಗುವುದಿಲ್ಲ, ಒಳಗೇ ಒಣಗಿ ಲೋಹವನ್ನು ತಿನ್ನುತ್ತದೆ. ಟ್ರೈಪಾಡನ್ನು ಮಾತ್ರ ಸಿಹಿನೀರಿನಲ್ಲಿ ಬಿಚ್ಚಿ ತೊಳೆಯಬಹುದು. ನೀರಿನಿಂದ ಆದ ಹಾನಿಗೆ ಗ್ಯಾರಂಟಿ ಸಿಗುವುದಿಲ್ಲ. ನನ್ನ ಲೆನ್ಸಿನ ಮೋಟರ್ ಸತ್ತಿತು, ಕ್ಯಾಮೆರಾ ಬಾಡಿ ಸರಿಮಾಡಲು ಕೇಳಿದ ಹಣಕ್ಕೆ ಹಳೆಯ ಕ್ಯಾಮೆರಾ ಇನ್ನೊಂದು ಬರುತ್ತಿತ್ತು. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಕ್ಯಾಮೆರಾ ಹೋದರೆ ಹೋಗಲಿ.

ಈಗ ಬೇರೆ ಲೆನ್ಸ್ ಕೊಂಡಿದ್ದೇನೆ, ಅದೇ 10-18. ವೈಡ್ ಲೆನ್ಸ್ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನನಗೇ ಬಿಡಲು ಆಗಲಿಲ್ಲ. ಮೊದಲು ಬರಿಗಣ್ಣಿನಲ್ಲಿ ಜಾಗ ನೋಡುತ್ತೇನೆ. ನಿಲ್ಲುವ ಕಲ್ಲು ಯಾವುದು, ಅದರಾಚೆ ಕಾಲಿಡಬಾರದ ಕಲ್ಲು ಯಾವುದು ಎಂದು ಕ್ಯಾಮೆರಾ ಚೀಲದಿಂದ ತೆಗೆಯುವ ಮುಂಚೆಯೇ ತೀರ್ಮಾನ ಮಾಡುತ್ತೇನೆ. ಒಮ್ಮೆ ಕಣ್ಣು ಇಟ್ಟ ಮೇಲೆ ಆ ತೀರ್ಮಾನ ಬದಲಾಗಬಾರದು. ಚೌಕಟ್ಟು ಸರಿಯಾದ ಮೇಲೆ ರಿಮೋಟ್ ಹಿಡಿದು ಹಿಂದಕ್ಕೆ ಬಂದು, ಎದ್ದು ನಿಂತು, ಕಡಲನ್ನೇ ನೋಡುತ್ತಾ ಶಟರ್ ಒತ್ತುತ್ತೇನೆ. ಒಬ್ಬನೇ ಹೋಗುವುದಿಲ್ಲ. ಜೊತೆಗೆ ಬಂದವರ ಕೈಯಲ್ಲಿ ಫೋನ್ ಇರಬಾರದು, ಅವರ ಕೆಲಸ ಕೂಗುವುದು. ಅವರು ಕೂಗಿದರೆ ಏನು, ಯಾಕೆ ಎಂದು ಕೇಳದೆ ಮೇಲೆ ಬರುವುದು ನನ್ನ ಕೆಲಸ. ಮಕ್ಕಳನ್ನು ಒದ್ದೆ ಬಂಡೆಗೆ ಕರೆದೊಯ್ಯಬೇಡಿ. ನೀವು ಬಿದ್ದರೆ ಅವರು ನಿಮ್ಮ ಕಡೆಗೆ ಓಡಿ ಬರುತ್ತಾರೆ.

ಅವತ್ತು ರಾತ್ರಿ ಉಡುಪಿಯ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾಗ ಮಗ ಯಾರೋ ಕೊಟ್ಟ ದೊಡ್ಡ ಅಂಗಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ. ಬಹಳ ಹೊತ್ತು ಸುಮ್ನಿದ್ದವನು, "ಅಪ್ಪಾ, ನಾನು ಕೂಗಿದ್ದು ನಿಂಗೆ ಕೇಳಿಸ್ಲಿಲ್ವಾ?" ಎಂದು ಕೇಳಿದ.

ಕೇಳಿಸಿತ್ತು ಎಂದೆ.