ನೈದಿಲೆಗೆ "ಸ್ಪೆಷಲ್ ಫುಡ್" ಆರ್ಡರ್ ಮಾಡುವ ಮೊದಲು ಓದಿ, ನಾನೊಬ್ಬಳು ಮಂಗ ಆದದ್ದು ಸಾಕು

ಎರಡು ತಿಂಗಳಿಂದ ಬರೆಯುವುದಾ ಬೇಡ್ವಾ ಅಂತ ಇದ್ದೆ. ನಾಚಿಕೆ, ಬೇರೆಂತ ಇಲ್ಲ. ಮೊನ್ನೆ ಪರ್ಕಳದ ಫ್ರೆಂಡ್ ಒಬ್ಬಳು "ನೈದಿಲೆಗೆ ಹಾಕುವ ಫುಡ್ ತರಿಸಿದೆ ಮಾರಾಯ್ತಿ, ಕಾಂಬೋ ಆಫರ್ ಇತ್ತು" ಅಂತ ಫೋಟೋ ಕಳಿಸಿದ್ಳು, ನೋಡಿದ್ರೆ ನಾನು ತರಿಸಿ ಮೋಸ ಹೋದ ಅದೇ ನೀಲಿ ಕಾಳು, ಅದೇ ಜಿಪ್ ಪ್ಯಾಕೆಟ್, ಹೆಸರು ಮಾತ್ರ ಬೇರೆ. ಇನ್ನು ಬಾಯಿ ಮುಚ್ಚಿ ಕೂತ್ರೆ ಆಗ್ಲಿಕ್ಕಿಲ್ಲ.

ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಅಂಗಳದ ಬದಿಯಲ್ಲಿ ಕೆಂಪುಕಲ್ಲು ಕಟ್ಟಿ, ಒಳಗೆ ಸಿಮೆಂಟ್ ಮಾಡಿಸಿದ ಸಣ್ಣ ಕೊಳ ಉಂಟು, ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡಡಿ ಆಳ. ಸೊಳ್ಳೆ ಆಗ್ಬಾರ್ದು ಅಂತ ಗಪ್ಪಿ ಬಿಟ್ಟಿದ್ದೆ, ಒಂದು ವರ್ಷದಲ್ಲಿ ಅವು ಮರಿ ಹಾಕಿ ಹಾಕಿ ಲೆಕ್ಕ ಇಲ್ಲದಷ್ಟು ಆಗಿದ್ವು. ಅದ್ರಲ್ಲಿ ನೀಲಿ ನೈದಿಲೆ ಬೇಕು ಅಂತ ನಂಗೊಂದು ಹುಚ್ಚು. ಹಗಲು ಅರಳುವ ಜಾತಿ, ಡೌಬೆನ್ ಅಂತ ಹೆಸರು, ಎಲೆಯ ನಡುವಲ್ಲೇ ಮರಿ ಗಿಡ ಹುಟ್ಟುತ್ತದೆ, ಸಣ್ಣ ಟಬ್ಬಲ್ಲೂ ಬರ್ತದೆ, ಎಲ್ಲ ಓದಿಟ್ಟಿದ್ದೆ. ಓದಿದ್ದು ಎಂತಕ್ಕೆ ಬಂತು ಹೇಳಿ.

ಫೆಬ್ರವರಿಯಲ್ಲಿ ಆನ್‌ಲೈನಲ್ಲಿ ಗಿಡ ಮಾರುವ ಒಬ್ಬನಿಗೆ ಆರ್ಡರ್ ಮಾಡಿದ್ದು. ಗೊತ್ತುಂಟಲ್ಲ, ವಾಟ್ಸಪ್ಪಲ್ಲಿ ಕ್ಯಾಟಲಾಗ್, ಮೊದಲು ಜೀಪೇ, ಕ್ಯಾಶ್ ಆನ್ ಡೆಲಿವರಿ ಇಲ್ಲ, ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲದಿದ್ರೆ ಕಂಪ್ಲೇಂಟ್ ತಗೊಳ್ಳುವುದಿಲ್ಲ, ಎಲ್ಲ ಮಾಮೂಲಿ. ಮೂರು ಗೆಡ್ಡೆಗೆ 1,150, ಎರಡು ಕೆಜಿ "ಲಿಲಿ ಫುಡ್"ಗೆ ಕೆಜಿಗೆ 650ರ ಹಾಗೆ 1,300, ಕೊರಿಯರ್ 150. ಒಟ್ಟು 2,600. ಫುಡ್ ಬೇಡ, ಗೆಡ್ಡೆ ಮಾತ್ರ ಸಾಕು ಅಂದೆ ನಾನು. "ಮೇಡಂ ಫುಡ್ ಇಲ್ಲದೆ ಗಿಡಕ್ಕೆ ಗ್ಯಾರಂಟಿ ಕೊಡುವುದಿಲ್ಲ, ಇದು ಇಂಪೋರ್ಟೆಡ್ ಫಾರ್ಮುಲಾ" ಅಂದ. ಇಂಪೋರ್ಟೆಡ್ ಅಂದ ಕೂಡ್ಲೇ ನನ್ನ ಬುದ್ಧಿ ಎಲ್ಲಿ ಹೋಯ್ತೋ.

ಹೇಗೆ ಹಾಕುವುದು ಕೇಳಿದ್ದಕ್ಕೆ, ಹತ್ತು ದಿನಕ್ಕೊಮ್ಮೆ ಒಂದು ಗ್ಲಾಸ್ ನೀರಲ್ಲಿ ಕರಗಿಸಿ ಕೊಳಕ್ಕೆ ಸುರಿಯಿರಿ ಅಂದ. ಇಲ್ಲೇ ನಂಗೆ ಡೌಟ್ ಬರ್ಬೇಕಿತ್ತು. ನೈದಿಲೆಗೆ ಗೊಬ್ಬರ ಕೊಡುವುದು ಕುಂಡದ ಮಣ್ಣಿಗೆ, ನೀರಿಗಲ್ಲ. ನೀರಿಗೆ ಹಾಕಿದ್ರೆ ಅದನ್ನು ತಿನ್ನುವುದು ಪಾಚಿ. ಇದು ಗೊತ್ತಿದ್ದೂ ಸುರಿದೆ. ಗೊತ್ತಿದ್ದೂ!

ಒಂದು ವಾರದಲ್ಲಿ ನೀರು ಪಾಲಕ್ ರುಬ್ಬಿ ಹಾಕಿದ ಹಾಗೆ ಆಯ್ತು, ಕೈ ಮುಳುಗಿಸಿದ್ರೆ ಮಣಿಕಟ್ಟು ಕಾಣುವುದಿಲ್ಲ. ಫೋಟೋ ಕಳಿಸಿದೆ. ಅವನ ಉತ್ತರ ನೋಡಿ, "ಒಳ್ಳೆ ಸೈನ್ ಮೇಡಂ, ನೀರು ಆಕ್ಟಿವ್ ಆಗ್ತಾ ಇದೆ." ಆಕ್ಟಿವ್! ಎಲೆ ಬಂತು, ಮೊಗ್ಗಿಲ್ಲ ಅಂದೆ. "ಡೋಸ್ ಕಮ್ಮಿ ಆಗಿದೆ, ಡಬಲ್ ಮಾಡಿ." ಮಾಡಿದೆ. ಯಾರೂ ನಗ್ಬೇಡಿ, ಮಾಡಿದೆ ನಾನು, ಎರಡು ಗ್ಲಾಸ್.

ಮೂರೋ ನಾಲ್ಕೋ ದಿನ ಬಿಟ್ಟು ಬೆಳಿಗ್ಗೆ ಅಂಗಳ ಗುಡಿಸ್ಲಿಕ್ಕೆ ಹೋದಾಗ ಗಪ್ಪಿಗಳೆಲ್ಲ ನೀರಿನ ಮೇಲೆ ಬಾಯಿ ಮಾಡಿ ಗಾಳಿ ನುಂಗ್ತಾ ಇದ್ವು. ಬೇಗ ಬೇಗ ಬಾವಿಯಿಂದ ಹೊಸ ನೀರು ಹಾಕಿದೆ, ಅರ್ಧ ನೀರು ಬಾಲ್ದಿಯಲ್ಲಿ ಎತ್ತಿ ಎತ್ತಿ ತೆಂಗಿನ ಬುಡಕ್ಕೆ ಚೆಲ್ಲಿದೆ, ಸೊಂಟ ಹೋಯ್ತು. ಎಂತ ಪ್ರಯೋಜನ ಇಲ್ಲ, ಮರುದಿನ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲ್ತಾ ಇದ್ವು. ಚಾ ಸೋಸುವ ಜಾಲರಿಯಲ್ಲಿ ತೆಗೆದೆ. ಮರಿಗಳು ಅಕ್ಕಿಕಾಳಿನಷ್ಟು ಇರ್ತವಲ್ಲ, ಅವು ಜಾಲರಿಗೆ ಅಂಟಿಕೊಂಡು ಬಿಡ್ಲೇ ಇಲ್ಲ. ಆ ಜಾಲರಿ ಬಿಸಾಡಿದೆ. ಅವನಿಗೆ ಹೇಳಿದ್ರೆ ಬಂದ ಉತ್ತರ ಹಾಗೆ ಹಾಗೇ ಹಾಕ್ತೇನೆ:

"ನಾವು ಗಿಡದ ಫುಡ್ ಮಾರುವುದು ಮೇಡಂ, ಮೀನಿನದ್ದಲ್ಲ."

ಮತ್ತೆ ಐದು ನಿಮಿಷ ಬಿಟ್ಟು, "ನಿಮ್ಮ ಸೈಡ್ ಬಾವಿ ನೀರು ಸರಿ ಇಲ್ಲ." ಆ ಬಾವಿ ನೀರನ್ನು ನಾವು ಮೂರು ತಲೆಮಾರಿಂದ ಕುಡೀತಾ ಇದ್ದೇವೆ ಮಾರಾಯಾ!

ಇನ್ನು ಅಸಲಿ ವಿಷಯ. ನಮ್ಮ ಮಾವ ಮೊದಲಿಂದ ಬೇಸಾಯ ಮಾಡಿದವರು. ಮೀನು ಸತ್ತದ್ದು ನೋಡಿ "ಎಂತ ಹಾಕಿದ್ದು ನೀನು, ತಾ ನೋಡುವ" ಅಂದ್ರು. ಪ್ಯಾಕೆಟ್ ಕೊಟ್ಟೆ. ಅಂಗೈಗೆ ನಾಲ್ಕು ಕಾಳು ಹಾಕಿಕೊಂಡು, ಚೆಂಬಿಂದ ಎರಡು ಹನಿ ನೀರು ಬಿಟ್ಟು, ಹೆಬ್ಬೆರಳಲ್ಲಿ ತಿಕ್ಕಿದ್ರು. ನೀಲಿ ಬಣ್ಣ ಬೆರಳಿಗೆ ಬಂತು. ಒಳಗೆ ಬಿಳಿ ಮಣಿ. "ಮುಟ್ಟು" ಅಂದ್ರು. ಮುಟ್ಟಿದ್ರೆ ಐಸ್ ಹಾಗೆ ತಂಪು. ಅವರು ಎಂತ ಹೇಳ್ಲಿಲ್ಲ, ಎದ್ದು ಕೊಟ್ಟಿಗೆಗೆ ಹೋಗಿ ಒಂದು ಮುಷ್ಟಿ ತಂದು ಪಕ್ಕದಲ್ಲಿ ಇಟ್ರು. ಅದೇ ಕಾಳು, ಬಣ್ಣ ಒಂದಿಲ್ಲ. ಯೂರಿಯಾ. ಗದ್ದೆಗೆ ಹಾಕುವ ಯೂರಿಯಾ, ನಮ್ಮ ಕೊಟ್ಟಿಗೆಯಲ್ಲೇ ಅರ್ಧ ಗೋಣಿ ಇತ್ತು, ನಾನು ದಿನಾ ಅದರ ಪಕ್ಕದಿಂದಲೇ ಪೊರಕೆ ತೆಗೀತಾ ಇದ್ದದ್ದು.

45 ಕೆಜಿಯ ಒಂದು ಗೋಣಿಗೆ 266 ರೂಪಾಯಿ ಚಿಲ್ಲರೆ, ಕೆಜಿಗೆ ಆರು ರೂಪಾಯಿ ಸಹ ಬೀಳುವುದಿಲ್ಲ. ರೈತರಿಗೆ ಅಂತ ಸರಕಾರ ಸಬ್ಸಿಡಿ ಕೊಡುವ ಗೊಬ್ಬರ ಅದು. ನಾನು ಎರಡು ಕೆಜಿಗೆ ಕೊಟ್ಟ ದುಡ್ಡಲ್ಲಿ ನಾಲ್ಕು ಗೋಣಿ ಬಂದು ರಿಕ್ಷಾ ಬಾಡಿಗೆಯೂ ಆಗ್ತಿತ್ತು.

"ಎಷ್ಟು ಕೊಟ್ಟಿ ಇದಕ್ಕೆ?" ಕೇಳಿದ್ರು ಮಾವ. "ಪ್ಯಾಕೆಟಿಗೆ ನೂರು" ಅಂತ ಸುಳ್ಳು ಹೇಳಿದೆ. ಅದಕ್ಕೇ ಅವರು "ನೂರಾ!" ಅಂತ ಎರಡು ಸಲ ಹೇಳಿ ತಲೆ ಮೇಲೆ ಕೈ ಇಟ್ಕೊಂಡ್ರು.

ರಾತ್ರಿ ಅವನಿಗೆ ಮೆಸೇಜ್ ಹಾಕಿದೆ, ಇದು ಯೂರಿಯಾ, ದುಡ್ಡು ವಾಪಸ್ ಕೊಡಿ ಅಂತ. ಟೈಪಿಂಗ್ ಟೈಪಿಂಗ್ ಅಂತ ತುಂಬ ಹೊತ್ತು ತೋರಿಸಿ ಕೊನೆಗೆ ಬಂದದ್ದು, "ಯೂರಿಯಾ ಅಲ್ಲ ಮೇಡಂ, ಯೂರಿಯಾ ಬೇಸ್ಡ್." ಅಷ್ಟೇ. ಬೆಳಿಗ್ಗೆ ಅವನ ಡಿಪಿ ಕಾಣುವುದಿಲ್ಲ, ಮೆಸೇಜಿಗೆ ಒಂದೇ ಟಿಕ್. 1915ಕ್ಕೆ, ಗ್ರಾಹಕರ ಹೆಲ್ಪ್‌ಲೈನ್ ಅದು, ಫೋನ್ ಮಾಡಿದೆ, ಮರ್ಯಾದೆಯಲ್ಲೇ ಮಾತಾಡಿದ್ರು, ಬಿಲ್ ಉಂಟಾ ಕೇಳಿದ್ರು. ಬಿಲ್ ಎಲ್ಲಿಂದ ತರುವುದು, ಇದ್ದದ್ದು ಜೀಪೇ ಸ್ಕ್ರೀನ್‌ಶಾಟ್ ಮತ್ತು "ಥ್ಯಾಂಕ್ಯೂ ಮೇಡಂ" ಅಂತ ಎರಡು ಕೈ ಮುಗಿದ ಇಮೋಜಿ.

ಹೂವಿನ ಕಥೆ ಬೇರೆ. ನೀರು ಪೂರ್ತಿ ಬದಲಾಯಿಸಿ, ಗೊಬ್ಬರ ನಿಲ್ಲಿಸಿದ ಮೇಲೆ ಏಪ್ರಿಲಲ್ಲಿ ಒಂದು ಮೊಗ್ಗು ಬಂತು. ಬೆಳಿಗ್ಗೆ ಅರಳ್ತದೆ ಅಂತ ಕಾದೆ, ಅರಳ್ಲಿಲ್ಲ. ರಾತ್ರಿ ಟಾರ್ಚ್ ಹಾಕಿ ನೋಡಿದ್ರೆ ಬಿಡಿಸಿಕೊಂಡು ಕೂತಿದೆ, ಬಿಳಿ ಬಣ್ಣ. ಅತ್ತೆ ಹಿಂದಿಂದ ಬಂದು ನೋಡಿ, "ಇದು ನಮ್ಮ ಮದಗದ್ದಲ್ವಾ?" ಅಂದ್ರು. ಹೌದು, ಮನೆ ಹಿಂದಿನ ಮದಗದಲ್ಲಿ, ಅಂದ್ರೆ ಕೆರೆಯಲ್ಲಿ, ಧರ್ಮಕ್ಕೆ ಸಿಗುವ ಹೂ.

ಬೇಕಾದವರಿಗೆ ಹೇಳ್ತೇನೆ, ಈಗ ನಾನು ಮಾಡುವುದು ಇಷ್ಟೇ: ಅಗಲ ಕುಂಡಕ್ಕೆ ಗದ್ದೆಯ ಅಂಟುಮಣ್ಣು, ಮೇಲೆ ಎರಡು ಬೆರಳು ಹೊಯಿಗೆ (ಮರಳು), ಕೋಕೋಪೀಟ್ ಗೀಕೋಪೀಟ್ ಹಾಕ್ಬೇಡಿ, ತೇಲ್ತದೆ. ತಿಂಗಳಿಗೊಮ್ಮೆ ಒಂದು ಟೀ ಸ್ಪೂನ್ 10:26:26 ಗೊಬ್ಬರ ಪೇಪರಲ್ಲಿ ಕಟ್ಟಿ ಬೇರಿನ ಹತ್ತಿರ ನಾಲ್ಕು ಬೆರಳು ಕೆಳಗೆ ಒತ್ತಿ, ತೂತು ಮುಚ್ಚುವುದು. ಹಸಿ ಸೆಗಣಿ ಬೇಡವೇ ಬೇಡ. ಐದಾರು ಗಂಟೆ ಬಿಸಿಲು ಬೀಳ್ಬೇಕು, ಬಿಸಿಲಿಲ್ಲದಿದ್ರೆ ಯಾವ ದೇಶದ ಫಾರ್ಮುಲಾ ಹಾಕಿದ್ರೂ ಹೂ ಇಲ್ಲ, ಮಳೆಗಾಲದಲ್ಲಿ ಸುಮ್ಮನೆ ಬಿಡಿ. ಬಣ್ಣದ ಕಾಳು ಯಾರಾದ್ರೂ ಮಾರಿದ್ರೆ ಮೊದಲು ಅಂಗೈಯಲ್ಲಿ ಒದ್ದೆ ಮಾಡಿ ತಿಕ್ಕಿ. ನೀರಿಗೆ ಸುರಿಯಿರಿ ಅಂದವನಿಗೆ ದುಡ್ಡು ಕೊಡ್ಬೇಡಿ. ಅಷ್ಟೇ.

ಉಳಿದ ಮುಕ್ಕಾಲು ಕೆಜಿ ಬಾಳೆಬುಡಕ್ಕೆ ಹೋಯ್ತು, ಬಾಳೆ ಮಾತ್ರ ಭರ್ಜರಿ ಬಂದಿದೆ. ನಮ್ಮ ಮನೆಯವರು ಯಾರಾದ್ರೂ ಇದನ್ನು ಓದಿದ್ರೆ ಮಾವನಿಗೆ ಆ 650ರ ಲೆಕ್ಕ ಮಾತ್ರ ಹೇಳ್ಬೇಡಿ, ಅವರು ಈಗಲೂ ನೂರರದ್ದೇ ಬೇಜಾರಲ್ಲಿ ಇದ್ದಾರೆ.