ಯುವಹಿಂಸೆ ತಡೆಯುವ ಯೋಜನೆಗಳಿಗೆ ದೇಣಿಗೆ: ಯಾವುದಕ್ಕೆ ಕೊಡಬೇಕು, ಎಷ್ಟು ಕಾಲ ಕೊಡಬೇಕು

ಜಗತ್ತಿನಲ್ಲಿ ಪ್ರತಿ ವರ್ಷ 15ರಿಂದ 29 ವಯಸ್ಸಿನ ಸುಮಾರು 1,93,000 ಮಂದಿ ಕೊಲೆಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಟ್ಟು ಕೊಲೆಗಳಲ್ಲಿ ಇದು ನೂರಕ್ಕೆ 40ರಷ್ಟು. ಈ ಸಾವುಗಳನ್ನು ತಡೆಯುತ್ತೇವೆಂದು ಬಡಾವಣೆ ಮಟ್ಟದಲ್ಲಿ ದುಡಿಯುವ ಸಂಸ್ಥೆಗಳು ಜನರ ಮುಂದೆ ಬಂದು ದೇಣಿಗೆ ಕೇಳುತ್ತವೆ. ಈ ವಿಮರ್ಶೆ ಆ ಸೇವೆಯ ಕುರಿತದ್ದು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದೇಣಿಗೆ ಕೊಡಬೇಕು, ಆದರೆ ಸರ್ಕಾರದ ಹಣ ತಲುಪದ ಭಾಗಗಳಿಗೆ ಕೊಡಬೇಕು ಮತ್ತು ವರ್ಷಗಟ್ಟಲೆ ಕೊಡಬೇಕು. ಕೊಲೆಯ ಸುದ್ದಿ ಓದಿ ಮನಸ್ಸು ಕಲಕಿದಾಗ ಒಮ್ಮೆ ಕೊಟ್ಟು ಮರೆಯುವ ಹಣದಿಂದ ಈ ಕ್ಷೇತ್ರಕ್ಕೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚಾಗಿದೆ.

ಈ ಹೆಸರಿನಡಿ ನಡೆಯುವ ಕೆಲಸಗಳು ಒಂದೇ ಬಗೆಯವಲ್ಲ. ಅವುಗಳಲ್ಲಿ ಬೀದಿ ಮಧ್ಯಸ್ಥಿಕೆಗೆ ಪ್ರಚಾರ ಹೆಚ್ಚು. ಸಾಂಕ್ರಾಮಿಕ ರೋಗಗಳ ವೈದ್ಯ ಗ್ಯಾರಿ ಸ್ಲಟ್‌ಕಿನ್ ರೂಪಿಸಿದ ಮಾದರಿ 2000ದಲ್ಲಿ ಷಿಕಾಗೊದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಶುರುವಾಯಿತು. ರೋಗದಂತೆ ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಹರಡುವ ಜಾಗದಲ್ಲೇ ಅದನ್ನು ಕಡಿಯಬೇಕು ಎಂಬುದು ಅದರ ತಿರುಳು. ಅದೇ ಓಣಿಯಲ್ಲಿ ಬೆಳೆದವರನ್ನು, ಒಂದು ಕಾಲಕ್ಕೆ ತಾವೂ ಹೊಡೆದಾಟದಲ್ಲಿದ್ದು ಹೊರಬಂದವರನ್ನು ಸಂಬಳಕ್ಕೆ ನೇಮಿಸುತ್ತಾರೆ. ಅವರ ಕೆಲಸ ಸಂಜೆ ಶುರುವಾಗಿ ನಡುರಾತ್ರಿ ದಾಟುತ್ತದೆ. ಯಾರಿಗೆ ಯಾರ ಮೇಲೆ ಸಿಟ್ಟು, ಯಾವ ಸಾಲ ತೀರಿಲ್ಲ, ಯಾವ ಹುಡುಗಿಯ ವಿಷಯಕ್ಕೆ ಮಾತು ಬೆಳೆದಿದೆ, ಜೈಲಿನಿಂದ ಯಾರು ಬಿಡುಗಡೆಯಾಗಿದ್ದಾರೆ ಎಂದು ತಿಳಿದುಕೊಳ್ಳುತ್ತ ಓಡಾಡುತ್ತಾರೆ. ಯಾರಿಗಾದರೂ ಗುಂಡೇಟೋ ಇರಿತವೋ ಆದರೆ ಒಬ್ಬರು ಆಸ್ಪತ್ರೆಗೆ ಓಡುತ್ತಾರೆ, ಇನ್ನೊಬ್ಬರು ಗಾಯಾಳುವಿನ ಗೆಳೆಯರು ಸೇರುವ ಜಾಗಕ್ಕೆ. ಸೇಡು ತೀರಿಸಲು ಹೊರಟವನನ್ನು ಅಂದು ರಾತ್ರಿ ತಡೆದು ನಿಲ್ಲಿಸಿದರೆ ಅರ್ಧ ಗೆದ್ದಂತೆ. ಮರುದಿನದಿಂದ ಕೆಲಸ, ಕೋರ್ಟು, ಮನೆ ಎಂದು ಬೇರೊಬ್ಬ ಕಾರ್ಯಕರ್ತ ಅವನ ಬೆನ್ನಿಗೆ ನಿಲ್ಲುತ್ತಾನೆ.

ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ, ಫಲಿತಾಂಶ ಮಾತ್ರ ಊರಿಂದೂರಿಗೆ ಬೇರೆ. ಷಿಕಾಗೊದ ಹಲವು ಬಡಾವಣೆಗಳಲ್ಲಿ ಗುಂಡಿನ ದಾಳಿ ಇಳಿದದ್ದನ್ನು 2008ರ ಮೌಲ್ಯಮಾಪನ ದಾಖಲಿಸಿತು. ಆದರೆ ಪಿಟ್ಸ್‌ಬರ್ಗ್‌ನಲ್ಲಿ ಇದೇ ಜಾತಿಯ ಯೋಜನೆ ನಡೆದ ಬಡಾವಣೆಗಳಲ್ಲಿ ಕೊಲೆಗಳು ಕಡಿಮೆಯಾಗಲಿಲ್ಲ, ಗಂಭೀರ ಹಲ್ಲೆಗಳಂತೂ ಹೆಚ್ಚಿದವು. ಇಂಥ ಯೋಜನೆ ಕೆಡುವ ಜಾಗಗಳು ಅನುಭವಿಗಳಿಗೆ ಗೊತ್ತು. ಹೊಡೆದಾಟಕ್ಕೆ ಹತ್ತಿರದಲ್ಲಿರುವವರನ್ನು ಬಿಟ್ಟು, ಸುಲಭವಾಗಿ ಮಾತಿಗೆ ಸಿಗುವ ಹುಡುಗರನ್ನೇ ಪಟ್ಟಿಗೆ ಸೇರಿಸುವುದು ಒಂದು. ಪುಂಡರ ಗುಂಪನ್ನು ಗುಂಪೆಂದೇ ಮಾತಾಡಿಸುತ್ತ ಹೋಗಿ, ಗುರುತು ಕೊಟ್ಟು, ಅದರ ಒಗ್ಗಟ್ಟನ್ನೇ ಬಲಪಡಿಸುವುದು ಇನ್ನೊಂದು. ಬಿಡಿಸಿದ ಜಗಳಗಳನ್ನು ಎಲ್ಲೂ ಬರೆದಿಡದೆ, ಯಾವ ಜಗಳ ಮತ್ತೆ ಹೊತ್ತಿಕೊಂಡಿತು ಎಂಬುದೇ ಕಚೇರಿಗೆ ತಿಳಿಯದಿರುವುದು ಮೂರನೆಯದು. ಎಲ್ಲಕ್ಕಿಂತ ದೊಡ್ಡದು ಕಾರ್ಯಕರ್ತರು ಬಿಟ್ಟುಹೋಗುವುದು. ಈ ಸೇವೆಯ ಬಂಡವಾಳವೆಂದರೆ ಒಬ್ಬ ಮನುಷ್ಯನ ಮೇಲೆ ಓಣಿಗಿರುವ ನಂಬಿಕೆ, ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು.

ಎರಡನೆಯ ಬಗೆ ಯೋಚನೆಯ ಅಭ್ಯಾಸ ಬದಲಿಸುವ ತರಬೇತಿ. ನಮ್ಮ ಲೆಕ್ಕದಲ್ಲಿ ದೇಣಿಗೆಗೆ ಹೆಚ್ಚು ಯೋಗ್ಯವಾದದ್ದು ಇದೇ, ಏಕೆಂದರೆ ಚೀಟಿ ಎತ್ತಿ ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ತರಬೇತಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿ ನೋಡಿದ್ದಾರೆ. ಷಿಕಾಗೊದ ಶಾಲೆಗಳಲ್ಲಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಯೋಜನೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಚಿಕ್ಕ ಗುಂಪಿನ ಬೈಠಕ್. ಮೊದಲ ದಿನದ ಆಟ ಪ್ರಸಿದ್ಧ. ಇಬ್ಬರನ್ನು ಜೋಡಿ ಮಾಡಿ ಒಬ್ಬನ ಮುಷ್ಟಿಗೆ ಚೆಂಡು ಕೊಟ್ಟು, 30 ಸೆಕೆಂಡಿನಲ್ಲಿ ಅದನ್ನು ಪಡೆದುಕೋ ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಮುಷ್ಟಿ ಬಿಡಿಸಲು ಗುದ್ದಾಡುತ್ತಾರೆ. ಸುಮ್ಮನೆ ಕೇಳಬಹುದಿತ್ತಲ್ಲ ಎಂದು ತರಬೇತುದಾರ ಹೇಳಿದಾಗ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಎದುರಿಗಿರುವವನ ಮನಸ್ಸಿನಲ್ಲಿ ಏನಿದೆ ಎಂದು ತಾನೇ ಊಹಿಸಿ ಕೈಯೆತ್ತುವ ಆ ಒಂದು ಕ್ಷಣವನ್ನು ನಿಧಾನಗೊಳಿಸುವುದೇ ಇಡೀ ತರಬೇತಿ. ಯೋಜನೆ ನಡೆಯುವಾಗ ಹಿಂಸಾಪರಾಧಕ್ಕೆ ಬಂಧನವಾಗುವುದು 45ರಿಂದ 50 ಪ್ರತಿಶತ ಇಳಿಯಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯೋಜನೆ ಮುಗಿದ ಮೇಲೆ ಬಂಧನದ ಮೇಲಿನ ಪರಿಣಾಮ ಉಳಿಯಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಮುಚ್ಚುಮರೆಯಿಲ್ಲದೆ ಹೇಳಿತು. ಒಂದೇ ವರ್ಷಕ್ಕೆ ಹಣ ಕೊಡುವವರು ಈ ಎರಡನೆಯ ವಾಕ್ಯವನ್ನು ಗಮನದಲ್ಲಿಡಬೇಕು.

ಉಳಿಯುವ ಪರಿಣಾಮಕ್ಕೆ ಒಂದು ಸುಳಿವು ಲೈಬೀರಿಯಾದಲ್ಲಿದೆ. ಮನ್ರೋವಿಯಾ ನಗರದಲ್ಲಿ ಕಳ್ಳತನ, ಹೊಡೆದಾಟದಲ್ಲಿ ತೊಡಗಿದ್ದ 999 ಯುವಕರನ್ನು ಚೀಟಿ ಎತ್ತಿ ನಾಲ್ಕು ಪಾಲು ಮಾಡಿದರು. ಒಂದಕ್ಕೆ ಎಂಟು ವಾರದ ತರಬೇತಿ, ಒಂದಕ್ಕೆ 200 ಡಾಲರ್ ನಗದು, ಒಂದಕ್ಕೆ ಎರಡೂ, ಒಂದಕ್ಕೆ ಯಾವುದೂ ಇಲ್ಲ. ತರಬೇತಿಯೆಂದರೆ 20 ಜನರ ಗುಂಪು, ಇಬ್ಬರು ತರಬೇತುದಾರರು, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಬರೀ ನಗದು ಪಡೆದವರಲ್ಲಾಗಲಿ ಬರೀ ತರಬೇತಿ ಪಡೆದವರಲ್ಲಾಗಲಿ ಬದಲಾವಣೆ ಕಾಲ ಕಳೆದಂತೆ ಕರಗಿತು. ಎರಡನ್ನೂ ಪಡೆದವರಲ್ಲಿ ಹತ್ತು ವರ್ಷದ ನಂತರವೂ ಇಂಥ ನಡವಳಿಕೆ ಸುಮಾರು ಅರ್ಧಕ್ಕೆ ಇಳಿದೇ ಇತ್ತು. ತರಬೇತಿಯ ಬೆನ್ನಿಗೆ ಬಂದ ಆ ಹಣದಿಂದ ಸಣ್ಣ ವ್ಯಾಪಾರ ನಡೆಸುತ್ತ, ಕಲಿತದ್ದನ್ನು ಇನ್ನಷ್ಟು ತಿಂಗಳು ರೂಢಿ ಮಾಡಿಕೊಳ್ಳಲು ಅವರಿಗೆ ಬಿಡುವು ಸಿಕ್ಕಿತು ಎಂಬುದು ಸಂಶೋಧಕರ ವಿವರಣೆ.

ಬೇಸಿಗೆ ರಜೆಯ ಕೆಲಸ ಕೊಡಿಸುವ ಯೋಜನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವು ಸರಳ. ಷಿಕಾಗೊದಲ್ಲಿ 1,634 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ ಎಂಟು ವಾರ, ವಾರಕ್ಕೆ 25 ಗಂಟೆಯ ಕೂಲಿ ಕೆಲಸ ಸಿಕ್ಕವರಲ್ಲಿ ಮುಂದಿನ 16 ತಿಂಗಳಲ್ಲಿ ಹಿಂಸಾಪರಾಧದ ಬಂಧನ 43 ಪ್ರತಿಶತ ಇಳಿಯಿತು. ಇಳಿಕೆಯ ಬಹುಪಾಲು ಕಂಡದ್ದು ಕೆಲಸ ಮುಗಿದ ನಂತರ. ಅಂದರೆ ಹುಡುಗರಿಗೆ ಪುರುಸೊತ್ತಿಲ್ಲದ್ದರಿಂದ ಜಗಳ ನಿಂತಿತು ಎಂಬ ವಿವರಣೆ ಇಲ್ಲಿ ಸಾಲದು. ಮೇಲಧಿಕಾರಿಯ ಮಾತು ತಡೆದುಕೊಳ್ಳುವುದು, ಸಮಯಕ್ಕೆ ಬರುವುದು, ಸಿಟ್ಟು ನುಂಗುವುದು ಅಲ್ಲಿ ರೂಢಿಯಾಗಿರಬೇಕು.

ಹಣ ಕೊಡಲೇಬಾರದ ಯೋಜನೆಗಳೂ ಇವೆ. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಗದರಿಸಿ ಹೆದರಿಸುವ ಪದ್ಧತಿ 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಿಂದ ಹೆಸರಾಯಿತು. ಇಂಥ ಯೋಜನೆಗಳ ಮೇಲೆ ಚೀಟಿ ಎತ್ತಿ ನಡೆಸಿದ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಜೈಲು ನೋಡಿ ಬಂದ ಹುಡುಗರು ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಕೆಡಬಹುದು. ಅಮೆರಿಕದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಪಟ್ಟಣಗಳಲ್ಲಿ 1939ರಿಂದ 1945ರವರೆಗೆ 506 ಹುಡುಗರ ಪೈಕಿ ಅರ್ಧ ಜನಕ್ಕೆ ಮನೆಭೇಟಿ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷದ ನಂತರ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಅವರನ್ನೆಲ್ಲ ಹುಡುಕಿ ನೋಡಿದಾಗ ನೆರವು ಪಡೆದವರ ಸ್ಥಿತಿ ಹಲವು ವಿಷಯಗಳಲ್ಲಿ ಪಡೆಯದವರಿಗಿಂತ ಕೆಟ್ಟಿತ್ತು. ಪದೇ ಪದೇ ಶಿಬಿರಕ್ಕೆ ಹೋದವರಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಂಡಿತು. ದಾರಿ ತಪ್ಪುತ್ತಿರುವ ಹುಡುಗರನ್ನು ಒಂದೆಡೆ ಗುಡ್ಡೆ ಹಾಕಿ ಮೇಲ್ವಿಚಾರಣೆ ಸಡಿಲಬಿಟ್ಟರೆ ಒಬ್ಬರ ಚಾಳಿ ಇನ್ನೊಬ್ಬರಿಗೆ ಹತ್ತುತ್ತದೆ. ದೇಣಿಗೆ ಕೇಳುವ ಪತ್ರದಲ್ಲಿ ಚಿತ್ರ ಚೆನ್ನಾಗಿ ಬರುವುದು ಇಂಥ ಶಿಬಿರಗಳದ್ದೇ ಎಂಬುದು ನಮಗೆ ನಿಜಕ್ಕೂ ಚಿಂತೆಯ ವಿಷಯ.

ಇನ್ನು ಹಣದ ಪ್ರಶ್ನೆ. ಜನರ ಪ್ರಾಣ ಕಾಯುವುದು ಸರ್ಕಾರದ ಹೊಣೆ, ದೇಣಿಗೆ ಕೊಟ್ಟಷ್ಟೂ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಸ್ಕಾಟ್ಲೆಂಡಿನಲ್ಲಿ 2005ರಲ್ಲಿ ಪೊಲೀಸರೇ ಹಿಂಸೆ ತಗ್ಗಿಸುವ ಘಟಕ ಕಟ್ಟಿದರು. ಅದನ್ನು ಸರ್ಕಾರ ದೇಶಮಟ್ಟಕ್ಕೆ ವಿಸ್ತರಿಸಿ ವರ್ಷಗಟ್ಟಲೆ ಸಾಕಿತು, ಮುಂದಿನ ದಶಕದಲ್ಲಿ ಅಲ್ಲಿನ ಕೊಲೆಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಇಳಿಕೆಯೆಲ್ಲ ಆ ಘಟಕದ್ದೇ ಎಂದು ಯಾರೂ ಹೇಳಲಾರರು, ಆದರೆ ಸರ್ಕಾರ ಮನಸ್ಸು ಮಾಡಿದರೆ ಈ ಭಾರ ಹೊರಬಲ್ಲದು ಎಂಬುದಂತೂ ಗೊತ್ತಾಯಿತು. ಹಾಗೆಂದು ಸರ್ಕಾರದ ಹಣ ಗಟ್ಟಿ ಎಂದೂ ನಂಬುವಂತಿಲ್ಲ. 2015ರಲ್ಲಿ ಇಲಿನಾಯ್ ರಾಜ್ಯದ ಬಜೆಟ್ ಜಗಳದಲ್ಲಿ ಷಿಕಾಗೊದ ಮಧ್ಯಸ್ಥಿಕೆ ಯೋಜನೆಯ ಹಣ ನಿಂತು ಬಹುತೇಕ ಕೇಂದ್ರಗಳು ಮುಚ್ಚಿದವು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇಂಥ ಸಂಸ್ಥೆಗಳಿಗೆ ಮಂಜೂರಾಗಿದ್ದ ಅನುದಾನಗಳನ್ನು ನಡುವೆಯೇ ರದ್ದು ಮಾಡಿತು. ಕಚೇರಿ ಮತ್ತೆ ತೆರೆಯಬಹುದು, ಆದರೆ ಬೇರೆ ಕೆಲಸ ಹುಡುಕಿಕೊಂಡು ಹೋದ ಕಾರ್ಯಕರ್ತ ವಾಪಸ್ ಬರುವುದಿಲ್ಲ, ಅವನ ಮಾತು ನಂಬಿ ಚಾಕು ಕೆಳಗಿಟ್ಟ ಹುಡುಗನನ್ನು ಕೈಬಿಟ್ಟಂತಾಗುತ್ತದೆ.

ದೇಣಿಗೆಗೆ ಜಾಗವಿರುವುದು ಈ ಬಿರುಕಿನಲ್ಲಿ. ಸರ್ಕಾರ ಕೊಡಲು ಅಳುಕುವ ಖರ್ಚುಗಳು ಇನ್ನೊಂದು ಜಾಗ. ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ನಗರದಲ್ಲಿ 2010ರಲ್ಲಿ ಆರಂಭವಾದ ಯೋಜನೆ, ಗುಂಡು ಹಾರಿಸುವವರೆಂದು ಶಂಕೆಯಿದ್ದ ಯುವಕರನ್ನೇ ಹುಡುಕಿ ಸೇರಿಸಿಕೊಂಡಿತು. ಕೆಲವು ತಿಂಗಳು ತಪ್ಪದೆ ಬಂದು, ತಾವೇ ಬರೆದುಕೊಂಡ ಗುರಿಗಳತ್ತ ಹೆಜ್ಜೆಯಿಟ್ಟವರಿಗೆ ತಿಂಗಳಿಗೆ 1,000 ಡಾಲರ್‌ವರೆಗೆ ಭತ್ಯೆ. ಸಿಬ್ಬಂದಿ ಸಂಬಳ ನಗರಸಭೆಯದು, ಭತ್ಯೆ ಮಾತ್ರ ಖಾಸಗಿ ದೇಣಿಗೆಯಿಂದ. ಪುಂಡರಿಗೆ ತೆರಿಗೆ ಹಣವೇ ಎಂದು ಕೂಗು ಎದ್ದಾಗಲೂ ಕೆಲಸ ನಿಲ್ಲದಿದ್ದುದು ಈ ಹಂಚಿಕೆಯಿಂದ. ಒಳ್ಳೆಯ ಮಾದರಿಯೆಂದು ನಾವು ಬೊಟ್ಟು ಮಾಡುವುದು ಇದಕ್ಕೇ. ಖಾಯಂ ಸಂಬಳ ಖಜಾನೆಯಿಂದ ಬರಲಿ. ಭತ್ಯೆ, ಅನುದಾನ ನಿಂತ ತಿಂಗಳುಗಳ ಸಂಬಳ, ಬೆದರಿಕೆ ಬಂದವನನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸುವ ಖರ್ಚು, ಹೊಸ ಪ್ರಯೋಗ ಮತ್ತು ಅದನ್ನು ಅಳೆಯುವ ಕೆಲಸ ದೇಣಿಗೆಯಿಂದ ನಡೆಯಲಿ.

ಕೊಡುವ ಮೊದಲು ಸಂಸ್ಥೆಗೆ ಕೇಳಬೇಕಾದ್ದನ್ನು ಅಳುಕದೆ ಕೇಳಿ. ಹುಡುಗರನ್ನು ಯಾವ ಆಧಾರದ ಮೇಲೆ ಆರಿಸುತ್ತೀರಿ? ಆಸಕ್ತಿ ಇರುವವರೆಲ್ಲ ಬರಬಹುದು ಎಂಬ ಉತ್ತರ ಬಂದರೆ ಅದು ಆಟೋಟದ ಸಂಘ. ಅದೂ ಒಳ್ಳೆಯದೇ, ಆದರೆ ಕೊಲೆ ತಡೆಯುವ ಯೋಜನೆಯಲ್ಲ. ಒಬ್ಬ ಕಾರ್ಯಕರ್ತನ ಪಾಲಿಗೆ ಎಷ್ಟು ಜನ? ಹದಿನೈದು ದಾಟಿದರೆ ಅದು ಹಾಜರಿ ಪುಸ್ತಕ ತುಂಬುವ ಕೆಲಸವಾಗುತ್ತದೆ ಎಂಬುದು ನಮ್ಮ ಅಂದಾಜು. ಕಾರ್ಯಕರ್ತರು ಕಿವಿಗೆ ಬಿದ್ದದ್ದನ್ನು ಪೊಲೀಸರಿಗೆ ಹೇಳುತ್ತಾರೆಯೇ ಇಲ್ಲವೇ ಎಂಬುದಕ್ಕೆ ಬರಹದಲ್ಲಿ ನಿಯಮ ಇರಬೇಕು. ಇಲ್ಲದಿದ್ದರೆ ಮೊದಲ ಅನುಮಾನಕ್ಕೇ ಓಣಿ ಬಾಗಿಲು ಹಾಕುತ್ತದೆ, ಕಾರ್ಯಕರ್ತನ ಜೀವಕ್ಕೂ ಕುತ್ತು. ಅವರಿಗೆ ವಿಮೆ ಇದೆಯೇ, ಕಣ್ಣೆದುರು ಸಾವು ಕಂಡ ಮೇಲೆ ಆಪ್ತಸಮಾಲೋಚನೆ ಮತ್ತು ಸಂಬಳಸಹಿತ ರಜೆ ಇದೆಯೇ ಎಂದು ವಿಚಾರಿಸಿ. ಖರ್ಚಿನ ಪಟ್ಟಿಯಲ್ಲಿ ಸಂಬಳವೇ ದೊಡ್ಡ ಪಾಲು ಎಂದು ಕಂಡರೆ ಹಿಂಜರಿಯಬೇಡಿ. ಇದು ಮನುಷ್ಯರೇ ಮಾಡುವ ಕೆಲಸ, ಸಂಬಳ ಕಡಿಮೆಯಿದ್ದರೆ ಚಿಂತಿಸಿ.

ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹಿಂದಿನ ವರ್ಷ ಆರು ಕೊಲೆ, ಈ ವರ್ಷ ಮೂರು, ಅರ್ಧಕ್ಕರ್ಧ ಇಳಿಕೆ ಎಂದು ವರದಿಯಲ್ಲಿ ಬರೆದಿರುತ್ತದೆ. ಯೋಜನೆಗಳು ಸಾಮಾನ್ಯವಾಗಿ ಶುರುವಾಗುವುದೇ ಅತಿ ಕೆಟ್ಟ ವರ್ಷದ ಬೆನ್ನಿಗೆ. ಅಂಥ ವರ್ಷದ ನಂತರ ಏನೂ ಮಾಡದಿದ್ದರೂ ಸಂಖ್ಯೆ ತುಸು ಇಳಿಯುವುದು ಸಹಜ. ಹಾಗಾಗಿ ಕನಿಷ್ಠ ಐದು ವರ್ಷದ ಲೆಕ್ಕ ಕೇಳಿ, ಯೋಜನೆ ಇಲ್ಲದ ಅದೇ ಬಗೆಯ ಪಕ್ಕದ ಬಡಾವಣೆಯ ಲೆಕ್ಕವನ್ನೂ ಜೊತೆಗಿಟ್ಟು ನೋಡಿ. ಕೊಲೆ ಮಾತ್ರ ಎಣಿಸಿದರೆ ಸಂಖ್ಯೆ ತೀರ ಚಿಕ್ಕದು. ಗಾಯಗೊಂಡು ಆಸ್ಪತ್ರೆಗೆ ಬಂದವರನ್ನೂ ಸೇರಿಸಿದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ.

ಕೊಡುವ ರೀತಿಯಲ್ಲೂ ವ್ಯತ್ಯಾಸವಿದೆ. ಒಂದೇ ಸಲ 36 ಸಾವಿರ ಕೊಡುವುದಕ್ಕಿಂತ ಮೂರು ವರ್ಷ ತಿಂಗಳಿಗೊಂದು ಸಾವಿರ ಕೊಡುತ್ತೇವೆಂದು ಬರೆದುಕೊಡುವುದು ಸಂಸ್ಥೆಗೆ ಹೆಚ್ಚು ಉಪಯೋಗ, ಏಕೆಂದರೆ ಅದನ್ನು ನಂಬಿ ಒಬ್ಬರನ್ನು ನೇಮಿಸಬಹುದು. ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಷರತ್ತು ಹಾಕಬೇಡಿ. ಆ ತಿಂಗಳು ಬೇಕಾದ್ದು ಬಸ್ ಚಾರ್ಜೋ, ವಕೀಲರ ಶುಲ್ಕವೋ, ಅಂತ್ಯಕ್ರಿಯೆಯ ಖರ್ಚೋ ಎಂದು ಅಲ್ಲಿರುವವರಿಗೇ ಗೊತ್ತು. ಬದಲಿಗೆ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯ ವರದಿ ಕೇಳಿ, ಜೊತೆಗೆ ಬಿಡಿಸಲಾಗದೆ ಹೋದ ಜಗಳಗಳ ಪಟ್ಟಿಯನ್ನೂ ಹೆಸರುಗಳಿಲ್ಲದೆ ಕೇಳಿ. ಆ ಪಟ್ಟಿ ಕೊಡುವ ಸಂಸ್ಥೆಗೆ ಎರಡನೆಯ ವರ್ಷವೂ ಕೊಡಿ. ಎಲ್ಲವೂ ಗೆದ್ದಿತು ಎನ್ನುವ ಸಂಸ್ಥೆಗೆ ಕೊಡಬೇಕೆಂದಿದ್ದ ಮೊತ್ತವನ್ನು ಬೇಸಿಗೆ ಕೆಲಸದ ಯೋಜನೆಗೆ ತಿರುಗಿಸಿ. ಅಲ್ಲಿ ಎಷ್ಟು ಹುಡುಗರಿಗೆ ಎಷ್ಟು ಗಂಟೆ ಕೆಲಸ ಸಿಕ್ಕಿತು, ಎಷ್ಟು ಕೂಲಿ ಕೈಸೇರಿತು ಎಂಬುದನ್ನಾದರೂ ಎಣಿಸಿ ನೋಡಬಹುದು.